ಸದಾ ತುಂಬಿರೋ ತೊಟ್ಟಿ

ಅಪಾರ್ಟ್‌ಮೆಂಟಿನ ಕಾರಂಜಿ ಸೋರ್ತಿದೆ ಅಂದ್ರೆ ಯಾರೂ ನಂಬಲ್ಲ. ತೊಟ್ಟಿ ಸದಾ ತುಂಬೇ ಇರುತ್ತಲ್ಲ! ತುಂಬಿಸೋದು ಫ್ಲೋಟ್ ವಾಲ್ವ್. ಮಟ್ಟ ಇಳಿದಂತೆಲ್ಲ ಸದ್ದಿಲ್ಲದೆ ನೀರು ಬಿಡುತ್ತೆ. ಅದನ್ನೂ ಪಂಪನ್ನೂ ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ನೀರು ಚೆನ್ನಾಗಿ ಇಳಿದಿದ್ದರೆ ತೊಟ್ಟಿಯಲ್ಲೇ ಬಿರುಕು, ಇಲ್ಲದಿದ್ದರೆ ಪೈಪಿನ ಕಡೆ ನೋಡಿ.

ಹುಡುಕೋದು ಇಷ್ಟು ಸುಲಭ. ಆದರೆ ಯಾರು ಹುಡುಕಬೇಕು? ಬಿಲ್ಲು ನೂರು ಮನೆಗೆ ಹಂಚಿಹೋಗಿ ಚಿಲ್ಲರೆ ಆಗುತ್ತೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ, ಕಾರಂಜಿಗೆ ಕುಡಿಯೋ ನೀರು ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು. ಚಿಮ್ಮೋ ನೀರೇನೋ ಕಾಣುತ್ತೆ, ಇಂಗೋದು? ಅದೂ ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದ ಕಾವೇರಿ. ಬಿರುಕು ಮುಚ್ಚೋವರೆಗೆ ವಾಲ್ವ್ ಬಂದ್ ಮಾಡಿ, ಮಾಲಿ ಕೈಲಿ ಮಾಡಿಸದೆ ನಾವೇ ಸರದಿ ಮೇಲೆ ಬಕೆಟ್ ಹೊತ್ತು ತುಂಬಿಸೋಣ ಅಂತೀನಿ. ಎಷ್ಟು ಬಕೆಟ್ ಅಂತ ಬೆನ್ನಿಗಾದರೂ ಗೊತ್ತಾಗಲಿ.