ಜರಡಿಗೆ ತಕ್ಕ ನುಡಿ

ಹೊಯ್ಸಳರ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅರಸನ ಹೆಸರು ಬರುವುದಕ್ಕೆ ಮುಂಚೆ ಬಿರುದುಗಳ ದೊಡ್ಡ ಮೆರವಣಿಗೆಯೇ ಬರುತ್ತದೆ: ಮಲಪರೊಳ್ಗಂಡ, ಶನಿವಾರಸಿದ್ಧಿ, ಗಿರಿದುರ್ಗಮಲ್ಲ. ಹಿರಿಯರು ಧರಿಸಿದ ಬಿರುದನ್ನೇ ಕಿರಿಯರೂ ಧರಿಸುತ್ತಾರೆ. ಗಿರಿದುರ್ಗವನ್ನು ಗೆದ್ದವನು ಯಾರು, ಗೆದ್ದವನ ವಂಶದಲ್ಲಿ ಹುಟ್ಟಿದವನು ಯಾರು ಎಂಬುದನ್ನು ಬಿರುದೊಂದನ್ನೇ ನೋಡಿ ಹೇಳುವಂತಿಲ್ಲ. ಆದರೂ ಇದರಿಂದ ಲೋಕ ಮೋಸಹೋಯಿತೆನ್ನಲಾಗದು. ಓದುವವನು ಮನುಷ್ಯ, ಎಷ್ಟನ್ನು ಹಿಡಿಯಬೇಕು, ಎಷ್ಟನ್ನು ಬಿಡಬೇಕು ಎಂಬ ವಿವೇಕ ಅವನಿಗಿತ್ತು.

ನಮ್ಮ ಕಾಲದ ಬಿರುದಾವಳಿಗೆ ಬಯೋಡೇಟಾ ಎಂದು ಹೆಸರು. ವ್ಯತ್ಯಾಸವಿಷ್ಟೆ: ಈಗ ಅದನ್ನು ಅನೇಕ ಕಡೆ ಮೊದಲು ಓದುವುದು ಮನುಷ್ಯನಲ್ಲ. ಒಂದು ಹುದ್ದೆಗೆ ನೂರಾರು ಅರ್ಜಿಗಳು ಬರುವ ದೊಡ್ಡ ಕಂಪನಿಗಳು ಬಾಗಿಲಲ್ಲಿ ಒಂದು ಯಂತ್ರವ್ಯವಸ್ಥೆಯನ್ನು ಕೂರಿಸಿವೆ. ಅದು ಅರ್ಜಿಯನ್ನು ಬಿಡಿಸಿ, ಓದಿದ್ದೆಲ್ಲಿ, ಮಾಡಿದ್ದೇನು, ಎಷ್ಟು ವರ್ಷ ಎಂದು ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ. ಜಾಹೀರಾತಿನಲ್ಲಿ ಕೇಳಿದ ಪದಗಳು ಅರ್ಜಿಯಲ್ಲಿ ಇವೆಯೇ ಎಂದು ನೋಡುತ್ತದೆ. ಅದಕ್ಕೆ ತಕ್ಕಂತೆ ಮೇಲೆ ಕೆಳಗೆ ಜೋಡಿಸುತ್ತದೆ. ಎಲ್ಲ ವ್ಯವಸ್ಥೆಗಳೂ ತಾವಾಗಿಯೇ ಅರ್ಜಿಯನ್ನು ತಿರಸ್ಕರಿಸುವುದಿಲ್ಲ, ನಿಜ. ಆದರೆ ಮುನ್ನೂರರಲ್ಲಿ ಇನ್ನೂರ ಎಂಬತ್ತನೆಯದಾಗಿ ಬಿದ್ದ ಕಾಗದವನ್ನು ಯಾರು ಎತ್ತಿ ನೋಡುತ್ತಾರೆ?

ಯಂತ್ರ ಹುಡುಕುವ ಈ ಪದಗಳಿಗೆ ಕೀವರ್ಡ್ ಎನ್ನುತ್ತಾರೆ. ಹೆಸರು ಅನ್ವರ್ಥವಾಗಿದೆ. ಕೀಲಿ ಕೂತರೆ ಬಾಗಿಲು ತೆರೆಯುತ್ತದೆ. ಕೀಲಿಯನ್ನು ಹಿಡಿದ ಕೈ ಯಾರದೆಂದು ಬೀಗ ಕೇಳುವುದಿಲ್ಲ. ಆದ್ದರಿಂದ ಕೀಲಿ ಮಾಡುವ ವಿದ್ಯೆಯೂ ಹುಟ್ಟಿಕೊಂಡಿದೆ. ಜಾಹೀರಾತಿನ ಪದಗಳನ್ನು ಇದ್ದಕ್ಕಿದ್ದಂತೆ ಎತ್ತಿ ಬರೆ ಎಂಬುದು ಅದರ ಮೊದಲನೆಯ ಪಾಠ. ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರದಲ್ಲಿ, ಮನುಷ್ಯನ ಕಣ್ಣಿಗೆ ಕಾಣದೆ ಯಂತ್ರಕ್ಕೆ ಮಾತ್ರ ಕಾಣುವಂತೆ ಪದಗಳನ್ನು ತುಂಬುವುದು ಅದರ ಕೊನೆಯ ಪಾಠ. ಈ ಎರಡರ ನಡುವೆ ಎಲ್ಲಿಯೋ ಒಂದು ಕಡೆ ಸತ್ಯದ ಗಡಿಗೆರೆ ಹಾದುಹೋಗುತ್ತದೆ. ಅದು ಎಲ್ಲಿ ಎಂಬುದೇ ನನ್ನ ಪ್ರಶ್ನೆ.

ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಬಿ.ಕಾಂ. ತರಗತಿಯಲ್ಲಿ ನನ್ನ ಕನ್ನಡ ಪಾಠ ಕೇಳಿದ್ದ ಹರಿಹರದ ಹುಡುಗಿಯೊಬ್ಬಳು ಕೆಲವು ತಿಂಗಳ ಹಿಂದೆ ತನ್ನ ಬಯೋಡೇಟಾ ತಂದಿದ್ದಳು. ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಮೂರು ವರ್ಷದಿಂದ ಲೆಕ್ಕ ಬರೆಯುತ್ತಿದ್ದಾಳೆ. ಸಂಬಳ ಮನೆಯ ಬಾಡಿಗೆಗೂ ತಮ್ಮನ ಫೀಸಿಗೂ ಸರಿಹೋಗುತ್ತದೆ. ನಲವತ್ತಕ್ಕೂ ಹೆಚ್ಚು ಅರ್ಜಿ ಹಾಕಿದ್ದಳು, ಒಂದಕ್ಕೂ ಉತ್ತರವಿಲ್ಲ.

"ನಮ್ಮಜ್ಜ ಲೇತ್ ಫ್ಯಾಕ್ಟರಿಗೆ ಸೇರೋವಾಗ ಒಂದು ಕಬ್ಬಿಣದ ತುಂಡು ಕೊಟ್ಟು, ಇದನ್ನ ಅಳತೆಗೆ ತಂದು ತೋರಿಸು ಅಂದಿದ್ರಂತೆ ಸರ್. ನನಗೆ ಯಾರೂ ಒಂದು ಲೆಕ್ಕ ಕೊಟ್ಟು ಮಾಡು ಅನ್ನಲ್ಲ" ಎಂದಳು.

ಹರಿಹರದವರ ಬಾಯಲ್ಲಿ ಈ ಮಾತಿಗೆ ಒಂದು ಹಿನ್ನೆಲೆಯಿದೆ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಆ ಊರಿನ ಹೆಸರನ್ನು ಲೇತ್ ಯಂತ್ರಗಳೊಡನೆ ಸೇರಿಸಿತು. ಇಂದು ಆ ಕಾರ್ಖಾನೆ ಇಲ್ಲ. ಕೈಯ ಕೆಲಸ ನೋಡಿ ಆಳನ್ನು ಅಳೆಯಬೇಕೆಂಬ ನಂಬಿಕೆ ಮಾತ್ರ ಅಜ್ಜಂದಿರ ಮಾತಿನಲ್ಲಿ ಉಳಿದಿದೆ.

ಅವಳ ಅರ್ಜಿಯಲ್ಲಿ "ಉದ್ರಿ ವಸೂಲಿಯ ಲೆಕ್ಕ ಇಡುವುದು" ಎಂಬರ್ಥದ ಮಾತಿತ್ತು. ಜಾಹೀರಾತು ಕೇಳಿದ್ದು "ಅಕೌಂಟ್ಸ್ ರಿಸೀವಬಲ್". ಬ್ಯಾಂಕಿನ ಪಾಸ್‌ಬುಕ್ಕಿಗೂ ಅಂಗಡಿಯ ಖಾತೆಗೂ ತಿಂಗಳು ತಿಂಗಳು ತಾಳೆ ನೋಡುತ್ತಿದ್ದಳು. ಜಾಹೀರಾತಿನಲ್ಲಿ ಅದಕ್ಕೆ "ಬ್ಯಾಂಕ್ ರಿಕನ್ಸಿಲಿಯೇಶನ್" ಎಂದು ಹೆಸರು. ಕೆಲಸ ಒಂದೇ, ಹೆಸರು ಎರಡು. ಇಲ್ಲಿ ಹೆಸರನ್ನು ಬದಲಿಸುವುದು ಸುಳ್ಳೇ? ನನಗೆ ಹಾಗೆ ತೋರುವುದಿಲ್ಲ. ಕೇಳುವವನಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು ಅನುವಾದ. ಅದು ಮಾತಿನ ಧರ್ಮವೇ ಹೌದು. ಅವಳ ಊರಿನ ದೇವಸ್ಥಾನದಲ್ಲಿಯೇ ಒಂದು ಮೂರ್ತಿಗೆ ಹರಿ, ಹರ ಎಂಬ ಎರಡು ಹೆಸರಿವೆ. ಯಾವ ಹೆಸರಿನಿಂದ ಕರೆದರೂ ಕರೆದದ್ದು ಆ ಮೂರ್ತಿಯನ್ನೇ.

ಆದರೆ ಜಾಹೀರಾತಿನಲ್ಲಿ ಇನ್ನೊಂದು ಪದವಿತ್ತು: "ಸ್ಯಾಪ್". ದೊಡ್ಡ ಕಂಪನಿಗಳು ಲೆಕ್ಕಪತ್ರ, ದಾಸ್ತಾನುಗಳನ್ನು ನೋಡಿಕೊಳ್ಳಲು ಬಳಸುವ ತಂತ್ರಾಂಶ ಅದು. ಅವಳಿಗೆ ಟ್ಯಾಲಿ ಚೆನ್ನಾಗಿ ಬರುತ್ತದೆ; ಸ್ಯಾಪನ್ನು ಅವಳು ಕಣ್ಣಿನಿಂದಲೂ ಕಂಡಿಲ್ಲ. "ಸುಮ್ನೆ ಹಾಕು, ನೋಡೋದು ಕಂಪ್ಯೂಟರ್ ತಾನೆ" ಎಂದಿದ್ದರಂತೆ ಗೆಳತಿಯರು. "ಯಂತ್ರಕ್ಕೆ ಹೇಳಿದ ಸುಳ್ಳು ಸುಳ್ಳಾಗುತ್ತಾ ಸರ್?" ಎಂಬುದು ಅವಳ ಪ್ರಶ್ನೆ.

ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಬಾಲಿಶವಲ್ಲ. ಸುಳ್ಳಿಗೆ ಹೇಳುವವನಿರುವಂತೆ ನಂಬುವವನೂ ಇರಬೇಕು. ಯಂತ್ರ ನಂಬುವುದಿಲ್ಲ, ಎಣಿಸುತ್ತದೆ. ನಂಬಿಕೆಯಿಲ್ಲದ ಕಡೆ ನಂಬಿಕೆದ್ರೋಹವೆಲ್ಲಿ? ಮೇಲಾಗಿ, ನನ್ನ ಮಾತಿಗೆ ಕಿವಿಗೊಡದೆ ಪದಗಳನ್ನು ಮಾತ್ರ ಹೆಕ್ಕುವವನಿಗೆ ನಾನು ನಿಜವನ್ನೇ ಹೇಳಬೇಕೆಂಬ ಋಣವಾದರೂ ಏನಿದೆ? ಈ ವಾದದಲ್ಲಿ ಹುರುಳಿದೆ. ಆದರೆ ಅದು ಎರಡು ಜನರನ್ನು ಮರೆತಿದೆ. ಯಂತ್ರದ ಹಿಂದೆ ಒಬ್ಬನಿದ್ದಾನೆ. ನಾಳೆ ಆ ಕೆಲಸವನ್ನು ನೆಚ್ಚಿ ಕೂರುವವನು ಅವನು. ಯಂತ್ರದ ಮುಂದಿನ ಸಾಲಿನಲ್ಲಿ ಇನ್ನೊಬ್ಬಳಿದ್ದಾಳೆ. ಸಾಲ ಮಾಡಿ ಸ್ಯಾಪ್ ಕಲಿತು, ಇರುವುದನ್ನು ಇರುವಂತೆ ಬರೆದವಳು. ಸುಳ್ಳು ಪದ ಯಂತ್ರವನ್ನು ದಾಟಿ ಹೋಗಿ ಹಿಂದಕ್ಕೆ ತಳ್ಳುವುದು ಅವಳನ್ನು. ಅವಳೂ ಇಂಥದೇ ಬಸ್ಸಿನಲ್ಲಿ ಓಡಾಡುವವಳು.

ಆದ್ದರಿಂದ ನನಗೆ ತೋರಿದ ಅಳತೆಗೋಲು ಇದು: ಬರೆದ ಪದವನ್ನು ಯಾರಾದರೂ "ಮಾಡಿ ತೋರಿಸು" ಎಂದರೆ ಕೈ ಮುಂದೆ ಬರುತ್ತದೆಯೋ, ಹಿಂದೆ ಸರಿಯುತ್ತದೆಯೋ? ಅಜ್ಜನ ಕಬ್ಬಿಣದ ತುಂಡನ್ನು ಪ್ರತಿಯೊಂದು ಪದದ ಎದುರಿಗೂ ಇಟ್ಟು ನೋಡಬಹುದು. ಮೊದಲೆರಡು ಪದಗಳನ್ನು ಬರೆದೆವು, ಸ್ಯಾಪನ್ನು ಬಿಟ್ಟೆವು. ಆ ಹುದ್ದೆಗೆ ಅವಳಿಗೆ ಕರೆ ಬರಲಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಪ್ರಾಮಾಣಿಕತೆಗೆ ಬೆಲೆಯುಂಟು, ಆ ಬೆಲೆಯನ್ನು ತೆತ್ತವಳು ಅವಳು, ತಿಂಗಳ ಸಂಬಳದ ಕುರ್ಚಿಯಲ್ಲಿ ಕುಳಿತು ವಿವೇಕ ಹೇಳಿದ ನಾನಲ್ಲ.

ಇಲ್ಲಿಗೆ ನಿಲ್ಲಿಸಿದರೆ ಮಾತು ಅರ್ಧವಾಗುತ್ತದೆ. ಸತ್ಯದ ಹೊರೆಯನ್ನೆಲ್ಲ ಬಡವರ ತಲೆಯ ಮೇಲೆ ಹೊರಿಸಿ, ಬಾಗಿಲು ಕಾಯುವವರನ್ನು ಬಿಟ್ಟುಬಿಟ್ಟರೆ ಅದು ನೀತಿಯಲ್ಲ. 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲು ಆಕ್ಸೆಂಚರ್ ಜೊತೆಗೂಡಿ ಪ್ರಕಟಿಸಿದ ಅಧ್ಯಯನದಲ್ಲಿ, ಹುದ್ದೆಯ ವಿವರಣೆಗೆ ಅಕ್ಷರಶಃ ಹೊಂದದ ಕಾರಣ ಯೋಗ್ಯರೂ ಸೋಸಿಹೋಗುತ್ತಿದ್ದಾರೆಂದು ಶೇಕಡಾ 88ರಷ್ಟು ಮಾಲೀಕರೇ ಒಪ್ಪಿಕೊಂಡರು. ಅಮೆಜಾನ್ ಕಂಪನಿ ಪ್ರಯೋಗಾರ್ಥವಾಗಿ ಕಟ್ಟಿದ್ದ ಇಂಥ ಯಂತ್ರವೊಂದು, ಹಳೆಯ ಅರ್ಜಿಗಳಲ್ಲಿ ಗಂಡಸರವೇ ಹೆಚ್ಚಾಗಿದ್ದುದರಿಂದ, "ಮಹಿಳೆಯರ" ಎಂಬ ಪದ ಕಂಡ ಅರ್ಜಿಗಳನ್ನು ಕೆಳಕ್ಕೆ ತಳ್ಳುತ್ತಿತ್ತೆಂದು 2018ರಲ್ಲಿ ಬೆಳಕಿಗೆ ಬಂತು. ಕಂಪನಿ ಅದನ್ನು ಕೈಬಿಟ್ಟಿತು. ಯಂತ್ರಕ್ಕೆ ಪಕ್ಷಪಾತವಿಲ್ಲ ಎನ್ನುವವರು ಇದನ್ನು ನೆನೆಯಬೇಕು. ನಮ್ಮ ಪಕ್ಷಪಾತವನ್ನೇ ಅದು ಚಾಚೂ ತಪ್ಪದೆ ಕಲಿತಿತ್ತು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ಓದುಗರು ಬಲ್ಲರು. ಕಾದ ಮರಳಿನಲ್ಲಿ ಅರಳಿದ್ದನ್ನು ಜರಡಿಗೆ ಹಾಕುತ್ತಾರೆ. ಮರಳು ಉದುರುತ್ತದೆ, ಮಂಡಕ್ಕಿ ನಿಲ್ಲುತ್ತದೆ. ಆ ಜರಡಿಯ ಮೇಲೆ ಯಾರ ದೂರೂ ಇಲ್ಲ. ಹಿಡಿದವನು ಅಲ್ಲಿಯೇ ನಿಂತಿರುತ್ತಾನೆ. ಕೆಳಗೆ ಬಿದ್ದದ್ದು ಅವನ ಕಣ್ಣೆದುರಿಗೇ ಇರುತ್ತದೆ. ಕಂಪನಿಯ ಜರಡಿಯ ದೋಷ ಅದು ಜರಡಿ ಎಂಬುದರಲ್ಲಿಲ್ಲ. ಉದುರಿದ್ದೇನೆಂದು ಬಗ್ಗಿ ನೋಡುವವರಿಲ್ಲ ಎಂಬುದರಲ್ಲಿದೆ. ಉದುರಿದವರಿಗೆ ಕಾರಣ ತಿಳಿಯುವುದಿಲ್ಲ. ಕಾರಣ ತಿಳಿಯದ ಸೋಲು ಮನುಷ್ಯನನ್ನು ಮೊದಲು ತನ್ನ ಮೇಲಿನ ನಂಬಿಕೆಯಿಂದ, ಆಮೇಲೆ ಸತ್ಯದ ಮೇಲಿನ ನಂಬಿಕೆಯಿಂದ ದೂರಮಾಡುತ್ತದೆ. ಬಿಳಿಯ ಅಕ್ಷರದ ಕಳ್ಳತನ ಹುಟ್ಟುವುದು ಅಲ್ಲಿ.

ಭಾಷೆಯ ಮೇಷ್ಟರಾದ ನನಗೆ ಇನ್ನೊಂದು ಅಳುಕಿದೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೋಡಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ಕೆಲಸ ಮೊದಲು, ಆಮೇಲೆ ಅದರ ಹೆಸರು, ಆಮೇಲೆ ಆ ಹೆಸರಿಗೆ ಗೌರವ. ಈಗ ಪದ ಮೊದಲು. ಅದಕ್ಕೆ ಹೊಂದುವಂತೆ ಬಾಳನ್ನು ಕತ್ತರಿಸಿ ಹೊಲಿಯಬೇಕಾಗಿದೆ. ಉದ್ರಿ ಕೇಳಲು ಹೋಗಿ, ಮಳೆ ಹೋದ ರೈತನ ಮುಖ ನೋಡಿ ಎರಡು ವಾರ ವಾಯಿದೆ ಕೊಡಿಸಿದ ವಿವೇಕಕ್ಕೆ ಯಾವ ಕೀವರ್ಡೂ ಇಲ್ಲ. ಹೆಸರಿಲ್ಲದ ಗುಣವನ್ನು ಯಂತ್ರ ಕಾಣದಿದ್ದರೆ ಅದು ಯಂತ್ರದ ಮಿತಿ. ನಾವೇ ಕಾಣದಂತಾದರೆ ಅದು ನಮ್ಮ ಬಡತನ.

ಬಾಗಿಲಿನ ಭಾಷೆಯನ್ನು ಕಲಿಯೋಣ. ಕಲಿಯದೆ ಹೊಟ್ಟೆ ತುಂಬುವ ಕಾಲವಲ್ಲ ಇದು. ಆದರೆ ಪದ ನಾವು ಮಾಡಿದ ಕೆಲಸವನ್ನು ಕರೆಯುತ್ತಿರಲಿ, ಮಾಡದ್ದನ್ನು ಕರೆಯದಿರಲಿ. ಮತ್ತು ಜರಡಿ ಹಿಡಿದವರು ಆಗಾಗ ಬಗ್ಗಿ, ಕೆಳಗೆ ಬಿದ್ದದ್ದರಲ್ಲಿ ಒಂದು ಹಿಡಿಯನ್ನಾದರೂ ಎತ್ತಿ ನೋಡಲಿ. ಅಷ್ಟನ್ನು ಕೇಳುವ ಹಕ್ಕು ನಿಜ ಬರೆದು ಸೋತವರಿಗೆ ಇದೆ.