ಶಬ್ದದಿಂದ ಕಾರಣಕ್ಕೆ

ಆಗುಂಬೆ ಘಟ್ಟದ 14 ಹೇರ್‌ಪಿನ್ ತಿರುವುಗಳನ್ನು ಇಳಿಯುತ್ತಿದ್ದಾಗ ಕಾರಿನ ಮುಂಭಾಗದಿಂದ ಗುಂಯ್‌ಗುಡುವ ನಾದವೊಂದು ಎಡಕ್ಕೆ ಹೊರಳಿದಾಗ ಹೆಚ್ಚುತ್ತ, ಬಲಕ್ಕೆ ಹೊರಳಿದಾಗ ಕುಗ್ಗುತ್ತ ಬಂದಿತು. ಕಾರ್ಯವನ್ನು ಕಂಡು ಕಾಣದ ಕಾರಣವನ್ನು ನಿಶ್ಚಯಿಸಬಹುದೇ ಎಂಬ, ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರ ಪ್ರಶ್ನೆ ಅಂದು ನನಗೆ ಕೇವಲ ಗ್ರಂಥದ ಮಾತಾಗಿ ಉಳಿಯಲಿಲ್ಲ.

ತುಂಬಿದ ನದಿಯನ್ನು ಕಂಡು ಮೇಲೆಲ್ಲೋ ಮಳೆಯಾಗಿದೆಯೆಂದು ತಿಳಿಯುವುದು ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನು ಹೇಳುವ ಶೇಷವತ್ ಅನುಮಾನ, ಎಂದರೆ ಕಾರ್ಯದಿಂದ ಕಾರಣದ ಊಹೆ. ಅಡ್ಡಗಟ್ಟಿದರೂ ನದಿ ಉಬ್ಬೀತಲ್ಲವೇ ಎಂಬ ಆಕ್ಷೇಪವನ್ನು ನ್ಯಾಯಸೂತ್ರವೇ ಎತ್ತುತ್ತದೆ; ಬರಿಯ ಉಬ್ಬನ್ನಲ್ಲ, ಪ್ರವಾಹದ ವೇಗವನ್ನೂ ನೊರೆಯನ್ನೂ ತೇಲಿಬರುವ ಎಲೆ ಕಟ್ಟಿಗೆಗಳನ್ನೂ ಕೂಡಿಸಿ ನೋಡೆಂದು ಭಾಷ್ಯಕಾರನ ಸಮಾಧಾನ. ಎಂತಹ ಪ್ರಾಮಾಣಿಕವಾದ ಬುದ್ಧಿ!

ಗುಂಯ್‌ಗುಡುವುದು ವಿಷಮವಾಗಿ ಸವೆದ ಟಯರೂ ಆಗಿರಬಹುದು. ಆದರೆ ಎಡಕ್ಕೆ ತಿರುಗುವಾಗ ಭಾರವು ಬಲಗಡೆಯ ಚಕ್ರಗಳ ಮೇಲೆ ಸರಿಯುವುದರಿಂದ, ಆಗಲೇ ಏರುವ ದನಿಗೆ ಬಲಚಕ್ರದ ಬೇರಿಂಗನ್ನು ಶಂಕಿಸುವುದು ಯುಕ್ತ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ವೇಗ ಕೊಟ್ಟಾಗ ಕಟಕಟವೆಂದರೆ ಸಂಶಯವು ಆಕ್ಸಲ್ಲಿನ ಹೊರತುದಿಯ ಜಾಯಿಂಟಿನ ಮೇಲೆ. ಘಟ್ಟವಿಳಿದ ಮೇಲೆ ನಾನು ಕಾರು ತೋರಿಸಿದ ವೃದ್ಧ ಮೆಕ್ಯಾನಿಕರು ಇಷ್ಟಕ್ಕೂ ತೃಪ್ತರಾಗದೆ, ಚಕ್ರವನ್ನು ಜಾಕಿನಿಂದೆತ್ತಿ, ಸ್ಪ್ರಿಂಗಿನ ಮೇಲೆ ಬೆರಳಿಟ್ಟು ತಿರುಗಿಸಿ, ಒಳಗಿನ ಒರಟುತನವನ್ನು ಸ್ಪರ್ಶದಿಂದ ಅರಿತ ಮೇಲೆಯೇ ಬೇರಿಂಗೆಂದು ನುಡಿದರು.

ಜಗತ್ತೆಂಬ ಕಾರ್ಯದಿಂದ ಈಶ್ವರನೆಂಬ ಕರ್ತೃವನ್ನು ಸಾಧಿಸಹೊರಟ ಉದಯನನ ನ್ಯಾಯಕುಸುಮಾಂಜಲಿಯನ್ನು ನಾನು ಭಕ್ತಿಯಿಂದ ಓದಿದವನು; ಆದರೂ ಈಶ್ವರನನ್ನು ಅರಿಯಲು ಅನುಮಾನ ಸಾಲದು, ಶಾಸ್ತ್ರವೇ ಬೇಕೆಂದ ರಾಮಾನುಜರ ಕಡೆಗೆ ಅಂದಿನಿಂದ ನನ್ನ ಮನಸ್ಸು ವಾಲಿದೆ, ಏಕೆಂದರೆ ಜಗತ್ತೆಂಬ ಆ ಮಹಾಚಕ್ರವನ್ನು ಎತ್ತಿ ಬೆರಳಿಟ್ಟು ನೋಡುವ ಎಡೆ ನಮಗಿಲ್ಲ.