ಬೀಸುಕಲ್ಲಿನ ಒಂದು ಚಿತ್ರ

ಬಳಕೆ ತಪ್ಪಿದ ವಸ್ತುವಿನ ಚಿತ್ರ ಬರೆದು ಗೋಡೆಗೆ ತೂಗುಹಾಕಿದರೆ ಅದರ ಋಣ ತೀರುತ್ತದೆಯೆ? ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕುಳಿತವನಿಗೆ ಋಣ ಎಂಬ ಮಾತು ಹಗುರವಾಗಿ ಬರುವುದಿಲ್ಲ. ರಸೀದಿಯನ್ನೇ ಹಣವೆಂದು ತಿಳಿದ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ಆದೋನಿಯಲ್ಲಿ ನಮ್ಮ ಬಂಧುಗಳ ಮನೆಯ ಪಡಸಾಲೆಯಲ್ಲಿ ಬೀಸುಕಲ್ಲಿನ ಒಂದು ಪೆನ್ಸಿಲ್ ಚಿತ್ರವಿದೆ. ಹೈಸ್ಕೂಲಿನಲ್ಲಿದ್ದಾಗ ಮನೆಯ ಹುಡುಗಿ ಬರೆದದ್ದು. ಮೇಲ್ಗಲ್ಲಿನ ಅಂಚು ಒಂದು ಕಡೆ ಮುಕ್ಕಾಗಿರುವುದನ್ನು ಅವಳು ಮುಚ್ಚಿಟ್ಟಿಲ್ಲ. ಕೈ ಹಿಡಿದು ಹಿಡಿದು ನುಣುಪಾದ ಗೂಟದ ಮೇಲೆ ಕಾಗದದ ಬಿಳುಪನ್ನೇ ಹೊಳಪಾಗಿ ಬಿಟ್ಟಿದ್ದಾಳೆ. (ಪೆನ್ಸಿಲಿನ ಕಡ್ಡಿಯೂ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟದ್ದೇ, 1795ರಲ್ಲಿ ಫ್ರಾನ್ಸಿನ ಕೋಂಟೆ ಈ ಪಾಕ ಕಂಡುಹಿಡಿದ. ಪುಡಿಯಿಂದಲೇ ಬೀಸುಕಲ್ಲು ಮೂಡಿತು ಅನ್ನಿ.) ಬಂದವರೆಲ್ಲ ಚಿತ್ರವನ್ನು ಹೊಗಳುತ್ತಾರೆ. ಕಲ್ಲು ಮಾತ್ರ ಹಿತ್ತಲಲ್ಲಿ, ನಲ್ಲಿಯ ಬುಡದಲ್ಲಿ, ಬಿಂದಿಗೆ ಇಡುವ ಕಟ್ಟೆಯಾಗಿದೆ. ಜೋಳ ಗಿರಣಿಗೆ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ನಸುಕಿನಲ್ಲೆದ್ದು ಬೀಸಿ ರಟ್ಟೆ ಸೋತ ಹೆಂಗಸರನ್ನು ಒಂದು ಮಾತೂ ಕೇಳದೆ ಬೀಸುಕಲ್ಲನ್ನು ಕೊಂಡಾಡುವ ಗಂಡಸರ ಬರಹಗಳು ನಮ್ಮಲ್ಲಿ ಬೇಕಾದಷ್ಟಿವೆ. ಇದೂ ಇನ್ನೊಂದಾಗುವುದು ಬೇಡ.

ನನ್ನನ್ನು ಕಾಡಿದ್ದು ಬೇರೆ. ಚಿತ್ರದ ಕೆಳಗೆ ಹೆಸರಿಲ್ಲ. ಕನ್ನಡದಲ್ಲಿ ಬರೆಯೆಂದರು ಅಜ್ಜಿ. ತೆಲುಗಿನಲ್ಲಿ ಬರೆದರೆ ಶಾಲೆಯಲ್ಲಿ ಎಲ್ಲರಿಗೂ ತಿಳಿಯುತ್ತದೆಂದರು ತಂದೆ. ಜಾಗ ಖಾಲಿ ಉಳಿಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ನಿಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಇಂಥ ಖಾಲಿ ಜಾಗಗಳು ನಿಮ್ಮ ಮನೆಗಳಲ್ಲೂ ಇರಬೇಕು. ಹೆಸರುಗಳೂ ಕುತೂಹಲದವು. ತೆಲುಗಿನ ತಿರುಗಲಿ, ಮಲಯಾಳದ ತಿರಿಕಲ್ಲು ಎರಡೂ ಕಲ್ಲು ತಿರುಗುವುದನ್ನು ಹೇಳುತ್ತವೆ. ಕನ್ನಡ ಬೀಸುವ ಕೈಯನ್ನು ಹೇಳುತ್ತದೆ. ಚಿತ್ರದಲ್ಲಿ ತಿರುಗುವುದೂ ಇಲ್ಲ, ಕೈಯೂ ಇಲ್ಲ.

ಯಾರದು ಎಂಬ ಜಗಳ ದೊಡ್ಡವರಲ್ಲೂ ನಡೆದಿದೆ. ವ್ಯಾನ್ ಗೋ ಬರೆದ ಹಳೆಯ ಜೋಡುಗಳ ವರ್ಣಚಿತ್ರವನ್ನು ನೋಡಿ, ಅವು ರೈತ ಹೆಣ್ಣುಮಗಳವೆಂದು ಜರ್ಮನಿಯ ತತ್ತ್ವಜ್ಞಾನಿ ಹೈಡೆಗರ್ ಬರೆದ. ಆ ಪ್ರಬಂಧ ಅಚ್ಚಾದದ್ದು 1950ರಲ್ಲಿ. ಅಲ್ಲ, ಅವು ಪಟ್ಟಣದಲ್ಲಿದ್ದ ಚಿತ್ರಕಾರನವೇ ಎಂದು 1968ರಲ್ಲಿ ಮೇಯರ್ ಷಪಿರೊ ವಾದಿಸಿದ. ಒಡೆಯನ ವಿಷಯದಲ್ಲಿ ನನಗೆ ಷಪಿರೊ ಸರಿಯೆನಿಸುತ್ತಾನೆ. ಆದರೆ ಹೈಡೆಗರ್ ಹೇಳಿದ ಇನ್ನೊಂದು ಸಂಗತಿ ಬಿಡುವಂಥದ್ದಲ್ಲ: ಜೋಡು ಹಾಕಿಕೊಂಡು ಕೆಲಸ ಮಾಡುವವರಿಗೆ ಜೋಡಿನ ಗಮನವೇ ಇರುವುದಿಲ್ಲ. ಮನೆಮಾತೂ ಹಾಗೆಯೇ. ಉಪ್ಪು ಕೇಳುವಾಗ, ಮಗುವನ್ನು ಗದರುವಾಗ ಅದು ಕನ್ನಡ ಎಂದು ಯಾರಿಗೂ ಅನಿಸುವುದಿಲ್ಲ. ಅನಿಸತೊಡಗಿದ ದಿನ ನಾವು ಚೌಕಟ್ಟು ಹುಡುಕುತ್ತೇವೆ, ನವೆಂಬರಿನಲ್ಲಿ ಹಾರ ಹಾಕುತ್ತೇವೆ. ಆಮೇಲೆ ಮಕ್ಕಳೊಡನೆ ಬೇರೆ ಮಾತಾಡುತ್ತೇವೆ.

ಹಾಗಾದರೆ ಚಿತ್ರ ಬರೆದದ್ದು ವ್ಯರ್ಥವೆ? ಹಾಗೆನ್ನಲಾರೆ. ಬೀಸುಕಲ್ಲಿನ ಕೆಲಸವೆಲ್ಲ ಎರಡು ಕಲ್ಲುಗಳ ನಡುವೆ, ಚಿತ್ರಕ್ಕೆ ಕಾಣದ ಕಡೆ. ಆ ಮೈ ನುಣುಪಾದರೆ ಕಾಳು ಒಡೆಯದು, ಉಳಿಯಿಂದ ಮತ್ತೆ ಕಚ್ಚು ಹೊಡೆಸಬೇಕು. ಹುಡುಗಿಗೆ ಇದನ್ನು ಹೇಳಿದವರು ಅಜ್ಜಿ, ಅವಳು ಬರೆಯುತ್ತ ಕುಳಿತಾಗ. ಬಾಯಿ ಯಾವುದು, ಗೂಟ ಯಾವ ಮರದ್ದು, ಅಂಚು ಮುಕ್ಕಾದದ್ದು ಯಾರ ಮದುವೆಯ ವರ್ಷ ಎಂಬುದೆಲ್ಲ ಕನ್ನಡದಲ್ಲೇ ಬಂತು. ಕೇಳುವುದಕ್ಕೆ ಹುಡುಗಿಗೂ ಕನ್ನಡವೇ ಬೇಕಾಯಿತು. ಚಿತ್ರಕ್ಕೆ ಮೂರು ಸಂಜೆ ಹಿಡಿಯಿತಂತೆ. ಋಣಕ್ಕೆ ಏನಾದರೂ ಜಮೆಯಾಗಿದ್ದರೆ ಆ ಮೂರು ಸಂಜೆ ಎಂದು ನನ್ನ ಲೆಕ್ಕ. ಗೋಡೆಯ ಮೇಲಿರುವುದು ಅದರ ರಸೀದಿ.

ಈಗ ಅವಳ ತಮ್ಮನಿಗೂ ಪೆನ್ಸಿಲ್ ಹಿಡಿಯುವ ವಯಸ್ಸು. ಹಿತ್ತಲಲ್ಲಿ ಒಂದು ಒರಳೂ ಬಿದ್ದಿದೆ. ಅಜ್ಜಿ ಇನ್ನೂ ಗಟ್ಟಿಯಾಗಿದ್ದಾರೆ.